ರಾಜ ಸಾಯುವಾಗ ಬಂದ ಎಣ್ಣೆ ಜಾಹೀರಾತು

ಗೊಳಸಂಗಿ,
೪ ಮಾರ್ಚ್ ೨೦೨೫

ಪ್ರೀತಿಯ ತಮ್ಮ ಧರ್ಮರಾಜಾ,

ಸೊಲ್ಲಾಪುರದ ಮಗಳ ಮನೆಯಲ್ಲಿ ಹೇಗಿದ್ದಿ? ಲಕ್ವಾ ಹೊಡೆದ ಬಲಗೈ ಈಗ ತುತ್ತನ್ನಾದರೂ ಎತ್ತುತ್ತದೆಯೇ? ಮಾತ್ರೆ ತಪ್ಪಿಸಬೇಡ. ನಿನ್ನ ಅತ್ತಿಗೆ ಮರೆವ್ವನ ಮೊಣಕಾಲು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಫೋನಿನಲ್ಲಿ ನಿನ್ನ ಹಾರ್ಮೋನಿಯಂ ಪೇಟಿಯ ಸುದ್ದಿ ಎತ್ತಿದರೆ ಕಟ್ ಮಾಡುತ್ತಿ. ಅದಕ್ಕೇ ಈ ಕಾಗದ.

ಅಂಬೇಡ್ಕರ್ ಜಯಂತಿಯ ನಾಟಕಕ್ಕೆ ತಾಲೀಮು ನಡೆದಿದೆ. ಪೇಟಿ ನುಡಿಸಲು ನೀನಿಲ್ಲ. ಕಮಿಟಿಯವರು, "ಪುಕ್ಕಟೆ ಹಾಡು ಬರೋ ಆ್ಯಪ್ ಐತ್ರಿ, ಪೇಟಿ ಮಾಸ್ತರ ಯಾಕ ಬೇಕು?" ಎಂದರು. ಧ್ವನಿವರ್ಧಕದ ತಬ್ರೇಜ ತನ್ನ ಮೊಬೈಲನ್ನು ಮೈಕಿಗೆ ಜೋಡಿಸಿದ. ನಿನ್ನೆ ಸಂಜೆ ಸಮಾಜ ಮಂದಿರದ ಮುಂದೆ, ಊರ ಜನರೆದುರೇ, ಬಣ್ಣ ಹಚ್ಚಿಕೊಂಡೇ ಪರೀಕ್ಷೆ.

ಅಹಹಾ, ಕೇಳು ಆ ಘೋರವನ್ನು! ಎದೆಗೆ ಬಾಣ ನೆಟ್ಟ ಮಹಾರಾಜನಾಗಿ ನಾನು ರಾಣಿಯ ತೊಡೆಯ ಮೇಲೆ ಒರಗಿದ್ದೇನೆ. ರಾಣಿ ಯಾರು? ಪ್ರತಿವರ್ಷ ಸಿಂದಗಿಯಿಂದ ಬರುವ ನಮ್ಮ ಶಮಶಾದಬಿ. ಮೊಬೈಲಿನಿಂದ ಶೋಕದ ರಾಗ ಹರಿಯುತ್ತಿದೆ. ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡಿದ್ದಾರೆ. "ದೇವೀ, ಈ ರಾಜ್ಯ..." ಎಂದು ಕೊನೆಯುಸಿರು ಎಳೆಯುವಷ್ಟರಲ್ಲಿ ರಾಗ ನಿಂತು, ಯಾವಳೋ ಒಬ್ಬಳು ನಗುನಗುತ್ತಾ, "ಮೊಣಕಾಲು ನೋವೇ? ಇಂದೇ ಹಚ್ಚಿ ನಮ್ಮ ಎಣ್ಣೆ!" ಎಂದಳು. ನಮ್ಮಲ್ಲಿ ಯಾರಾದರೂ ಕಲಾವಿದರಿಗೆ ರೊಕ್ಕದ ಆಹೇರಿ ಕೊಟ್ಟರೆ ಸಾಯುವವನನ್ನೂ ತಡೆದು ಮೈಕಿನಲ್ಲಿ ಅವರ ಹೆಸರು ಕೂಗುತ್ತಾರಲ್ಲ, ಶಮಶಾದಬಿ ಇದೂ ಅದೇ ಎಂದುಕೊಂಡಳು. ಅಳು ನಿಲ್ಲಿಸಿ ದಡಕ್ಕನೆ ಎದ್ದಳು. ನನ್ನ ತಲೆ ಹಲಗೆಗೆ ಬಡಿಯಿತು. ಅವಳೋ ಕೈಮುಗಿದು, "ಎಣ್ಣಿ ಕಂಪನಿ ಧಣ್ಯಾರಿಗೆ ನಮ್ಮ ಕಲಾವಿದರ ನಮಸ್ಕಾರ್ರೀ!" ಎಂದಳು. ಚಪ್ಪಾಳೆಯೋ ಚಪ್ಪಾಳೆ. ಮುಂದೆ ಕೂತಿದ್ದ ಮರೆವ್ವ, "ಎಣ್ಣಿ ಕೊಟ್ಟಾರೇನು, ಬರೇ ಮಾತೋ?" ಎಂದು ಕೂಗಿದಳು.

"ಅಕ್ಕಾರ, ಇದು ಆಹೇರಿ ಅಲ್ರಿ, ಜಾಹೀರಾತು. ಆ್ಯಪಿಗೆ ರೊಕ್ಕ ಕೊಟ್ರ ಬಾಯಿ ಮುಚ್ಚತೈತಿ" ಎಂದ ತಬ್ರೇಜ. ಶಮಶಾದಬಿ ಬಿಟ್ಟಾಳೆಯೇ? "ಇದೆಂಥಾ ಉಲ್ಟಾ ಕಾರಭಾರೋ! ನಮ್ಮಲ್ಲಿ ರೊಕ್ಕ ಕೊಟ್ಟಾಂವ ಹೆಸರು ಕೂಗಸ್ಕೋತಾನ, ಇಲ್ಲಿ ಸುಮ್ಮನಿರಸಾಕ ರೊಕ್ಕ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ತಮ್ಮಾ, ಮತ್ತೆ ಮಲಗಿ ಮಾತು ಎತ್ತಿಕೊಳ್ಳುವುದರೊಳಗೆ ಆ ರಾಗ ಮುಗಿದು ಮದುವೆಯ ಸನಾದಿ ಶುರುವಾಗಿತ್ತು. ಇನ್ನೊಮ್ಮೆ ಸಾಯಲು ಮೈಯಲ್ಲಿ ಕಸುವಿರಲಿಲ್ಲ. ಆಹೇರಿ ಕೂಗುವಷ್ಟು ಹೊತ್ತೂ ನೀನು ಒಂದೇ ಸ್ವರ ಹಿಡಿದು ನನ್ನ ಮುಖ ನೋಡುತ್ತಾ ಕೂತಿರುತ್ತಿದ್ದೆ. ನಾನು ಉಸಿರೆಳೆದ ಕೂಡಲೇ ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಿದ್ದೆ. ಈ ಯಂತ್ರ ನನ್ನ ಕಡೆ ನೋಡುವುದೇ ಇಲ್ಲ. ದಣಿದಿದ್ದೇನೆ ಧರ್ಮಾ. ಬಣ್ಣ ಒರೆಸಲೂ ಬೇಸರವಾಗಿ ಹಾಗೇ ಮನೆಗೆ ಬಂದೆ.

ಮೊಮ್ಮಕ್ಕಳ ತಲೆ ಸವರಿದೆನೆಂದು ಹೇಳು. ಬುದ್ಧನ ಕರುಣೆ ನಿನ್ನ ಮೇಲಿರಲಿ. ಜೈ ಭೀಮ್.

ನಿನ್ನ ಅಣ್ಣ,
ಮಾನಪ್ಪ

ತಾ.ಕ.: ಪೇಟಿ ಇಲ್ಲದೆ ಬಣ್ಣ ಹಚ್ಚುವುದಿಲ್ಲ ಎಂದು ಕಮಿಟಿಗೆ ಹೇಳಿಬಿಟ್ಟೆ. ಮುಂದಿನ ವಾರ ಪೇಟಿ ಹೊತ್ತು ಸೊಲ್ಲಾಪುರಕ್ಕೆ ಬರುತ್ತೇನೆ. ನನ್ನ ಮಗಳು ಸುಮಂಗಲಾಳೂ ಜೊತೆಗೆ. ಬೆರಳು ಅವಳದು, ಗಾಳಿ ನಿನ್ನ ಎಡಗೈಯದು, ಕಣ್ಣು ಮಾತ್ರ ನನ್ನ ಮೇಲಿರಲಿ. ಅವಳು ಆಗಲೇ ಚೀಲ ತುಂಬಿದ್ದಾಳೆ. ಒಲ್ಲೆ ಎನ್ನುವುದಾದರೆ ಅವಳಿಗೆ ನೀನೇ ಹೇಳು, ನನ್ನಿಂದಾಗದು.