ಬದನೆ ಪಾತಿ

ನಿಟ್ಟುವಳ್ಳಿ, ೩-೧-೧೯೫೪

ಹರಿಹರದಲ್ಲಿರುವ ಯಜಮಾನರಿಗೆ ರಂಗವ್ವನ ನಮಸ್ಕಾರ.

ನಿಮ್ಮಣ್ಣ ಗೋಣೆಪ್ಪ ಭಾವನವರು ಬಂದಿದ್ದರು. "ನನ್ ತಮ್ಮನ ಕಿರಿ ಹೆಂಡ್ತಿ ಗಂಡು ಹೆತ್ತಾಳೆ. ಹೆಸರಿಡಾಕೆ ನಿನ್ನ ತವರಿನ ತೊಟ್ಲು ಕೊಡವ್ವ, ಹೆಂಗೂ ಖಾಲಿ ಬಿದ್ದೈತೆ" ಅಂದರು.

ಖಾಲಿ ಬಿದ್ದಿಲ್ಲ. ಮಗಳು ತೀರಿಕೊಂಡಾಗ ನೀವು "ಹೆಣ್ಣಲ್ವಾ, ಬಿಡು" ಅಂದಿರಿ. ನೀವು ಹರಿಹರಕ್ಕೆ ಹೋದಮೇಲೆ ಹಿತ್ತಲಲ್ಲಿ ಗುಂಡಿ ತೋಡಿ ತೊಟ್ಟಿಲನ್ನು ಹೂತೆ. ಮೇಲೆ ಸಗಣಿ, ಮಣ್ಣು ಏರಿಸಿ ಬದನೆ ಪಾತಿ ಮಾಡಿದೆ. ಅಡಿಯ ಮರ ಕೊಳೆತು ತೇವ ಹಿಡಿದುಕೊಂಡಿದೆ, ಬೇಸಿಗೆಯಲ್ಲೂ ಗಿಡ ಬಾಡಲಿಲ್ಲ.

ನಾಮಕರಣದ ಊಟಕ್ಕೆ ಭಾವನವರ ಕೈಲಿ ಒಂದು ಪುಟ್ಟಿ ಬದನೆಕಾಯಿ ಕಳಿಸಿದ್ದೇನೆ. ಆ ತೊಟ್ಟಿಲಿನಿಂದ ನಿಮಗೆ ಸಿಗುವುದು ಇಷ್ಟೇ. ಪುಟ್ಟಿಯನ್ನು ಮರೆಯದೆ ವಾಪಸ್ ಕಳಿಸಿ. ಅದೂ ನನ್ನ ತವರಿನದೇ.

ಇಂತಿ,
ನಿಮ್ಮ ಹಿರಿ ಹೆಂಡತಿ
ರಂಗವ್ವ