ಒಗೆಯಬಾರದಿದ್ದ ಬಟ್ಟೆ

ಬೊಮ್ಮಸಂದ್ರ, 9-7-2008

ದೊಡ್ಡಮ್ಮ,

ನಾವು ಊರಿನ ಬಟ್ಟೆ ಒಗೆಯುವ ಮಡಿಕಟ್ಟೆಯಿಂದ ನೀನು ಡಬ್ಬಿಯಲ್ಲಿ ತುಂಬಿಕೊಟ್ಟ ಚೌಳುಮಣ್ಣು ಲ್ಯಾಬಿನಲ್ಲಿ ಕೆಲಸಕ್ಕೆ ಬಂತು. ಅದರಲ್ಲಿದ್ದ ಬ್ಯಾಕ್ಟೀರಿಯಾ ಬೆಳೆಸಿ, ಅವು ಬಿಡುವ ಕಿಣ್ವವನ್ನು ಐದು ದಿನ ಸೋಸಿ ಬೇರ್ಪಡಿಸಿದೆವು. ಕೊನೆಗೆ ಉಳಿದದ್ದು ಒಂದು ಚಮಚ ತಿಳಿನೀರು. ಕೈ ಇಡಲಾಗದಷ್ಟು ಬಿಸಿಯಲ್ಲೂ ಅದು ಕೆಡುವುದಿಲ್ಲ, ರಕ್ತದ ಕಲೆಯನ್ನು ತಿಂದುಹಾಕುತ್ತದೆ.

ನಿನ್ನೆ ನಮ್ಮ ಮೇಲಿನವರಾದ ಪಟ್ಟಾಭಿರಾಮ್ ಸಾರ್ ರಕ್ತ ಹತ್ತಿದ ಎರಡು ಬಟ್ಟೆ ತುಂಡು ಕೊಟ್ಟು ಹೋದರು. ಒಂದನ್ನು ಕಿಣ್ವದಲ್ಲಿ ನೆನೆಸಬೇಕು, ಇನ್ನೊಂದನ್ನು ಹೋಲಿಸಿ ನೋಡಲು ಹಾಗೇ ಬಿಡಬೇಕು. ಚಿಕ್ಕಂದಿನಿಂದ ಬಟ್ಟೆ ಒಗೆದ ನನ್ನ ಕೈ ಕೇಳಬೇಕಲ್ಲ! ಅದನ್ನೂ ಸೋಪು ಹಚ್ಚಿ ಉಜ್ಜಿ ಒಣಹಾಕಿಬಿಟ್ಟೆ.

ಸಾರ್ ಬಂದವರು ಎರಡೂ ಬಿಳಿ ತುಂಡು ನೋಡಿ ತಲೆ ಹಿಡಿದುಕೊಂಡರು.

"ಇದನ್ಯಾಕಮ್ಮಾ ಒಗ್ದೆ?"

"ಕಲೆ ಇತ್ತಲ್ಲ ಸಾರ್" ಅಂದೆ.

ಹೋಲಿಸಲು ಕಲೆಯ ತುಂಡಿಲ್ಲ, ಇದ್ದ ಕಿಣ್ವವೆಲ್ಲ ಮುಗಿದಿದೆ, ಐದು ದಿನದ ಕೆಲಸ ಮತ್ತೆ ಮೊದಲಿನಿಂದ ಆಗಬೇಕು. ಆರೋಗ್ಯವಾಗಿದ್ದೇನೆ. ಇಲ್ಲಿ ಕೈಗವಸು ಕೊಡುತ್ತಾರೆ, ಅಂಗೈ ಬಿರುಕೆಲ್ಲ ಮಾಯ್ದಿದೆ. ಶಿಫ್ಟ್ ಬಸ್ಸು ಬಂತು, ಇಷ್ಟಕ್ಕೆ ನಿಲ್ಲಿಸುತ್ತೇನೆ. ಹೊಸದಾಗಿ ರಕ್ತ ಹಚ್ಚಿದ ತುಂಡನ್ನು ಸಾರ್ ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಾರೆ.

ನಿನ್ನ
ಸುಕನ್ಯ