ಮುದ್ದುವಿಗೊಂದು ಹಿಮದ ಪಾಲಿಸಿ

ಚಳ್ಳಕೆರೆ
ಭಾನುವಾರ, 9 ನವೆಂಬರ್ 2025

ಪ್ರೀತಿಯ ಪವಿತ್ರಾ,

ಅಕ್ಕನ ಹಾರೈಕೆಗಳು. ನಾನೂ ಮುದ್ದುವೂ ಆರಾಮಾಗಿದ್ದೇವೆ. ನಿನ್ನ ಭಾವ ಅಲ್ಲಿ ಹಿಮಾಚಲದ ಚಳಿಯಲ್ಲಿ ಮೂಗು ಕೆಂಪಗೆ ಮಾಡಿಕೊಂಡು ಆರಾಮಾಗಿದ್ದಾರೆ. ದಸರೆಗೆ ಬಂದು ಹೋದವಳು ಆಮೇಲೆ ಸುದ್ದಿಯೇ ಇಲ್ಲ ಎಂದು ನೀನು ಮುನಿಸಿಕೊಂಡಿರುತ್ತೀಯ. ಕೈಯಲ್ಲಿ ಫೋನಿರುವಾಗ ಕಾಗದ ಬರೆಯುತ್ತಾಳಲ್ಲ ಎಂದು ನಗಲೂಬಹುದು. ಫೋನಿನಲ್ಲಾದರೆ ನೀನು “ಊಟ ಆಯ್ತಾ ಅಕ್ಕಾ” ಅನ್ನುತ್ತೀಯ, ನಾನು “ಆಯ್ತು ಕಣೆ, ನಿಂದು?” ಅನ್ನುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ತಡ ಮಾಡಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ, ಆದರೆ ಇದನ್ನು ಕೊನೆಯವರೆಗೆ ಓದು.

ಮೊದಲು ಮುದ್ದುವಿನ ಸುದ್ದಿ. ಕೈ ಪೂರ್ತಿ ವಾಸಿಯಾಗಿದೆ. ಹೋದ ಚಳಿಗಾಲದಲ್ಲಿ ಮುರಿದದ್ದು ಯಾವ ಕೈ ಎಂದು ನನಗೇ ಮರೆಯುವಷ್ಟು ಚೆನ್ನಾಗಿ ನೀರಿನ ಕೊಡ ಎತ್ತುತ್ತಾಳೆ. ಚಳಿಗಾಲ ಬಂತೆಂದರೆ ಕುದಾಪುರದ ವಿಜ್ಞಾನ ಕ್ಯಾಂಪಸ್ಸಿನವರು ನಿನ್ನ ಭಾವನನ್ನು ಅಲ್ಲಿನ ಬೆಟ್ಟದ ಮೇಲಿನ ಯಂತ್ರಗಳನ್ನು ನೋಡಿಕೊಳ್ಳಲು ಕಳಿಸುವುದು, ಹಿಂದೆಯೇ ನಾವಿಬ್ಬರೂ ರೈಲು ಹತ್ತುವುದು, ಅಲ್ಲಿ ಇವಳು ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಹುಚ್ಚು ಹಿಡಿಸಿಕೊಂಡದ್ದು ಎಲ್ಲ ನಿನಗೆ ಗೊತ್ತೇ ಇದೆ. ಎಣ್ಣೆ ಮಿಲ್ಲುಗಳ ಊರಿನ ಹುಡುಗಿ ಆ ಬಿಳಿ ಇಳಿಜಾರಿನಲ್ಲಿ ಇಳಿದು ಬರುವಾಗ ನಾನು ಕಣ್ಣು ಮುಚ್ಚಿಕೊಂಡು ನಿಲ್ಲುತ್ತೇನೆ. ಕೆಳಗೆ ಬಂದು ಟೋಪಿ ತೆಗೆದಾಗ ಅವಳ ಮುಖ ನೋಡಿದರೆ, ಇನ್ನು ಸಾಕು ಎನ್ನಲು ಬಾಯಿ ಬರುವುದಿಲ್ಲ. ಕಲಿಸುವ ಮೇಷ್ಟರು ಇವಳನ್ನು ಜನವರಿಯ ದೊಡ್ಡ ತರಬೇತಿಗೆ ಆರಿಸಿದ್ದಾರೆ. ಶಾಲೆಯವರೂ ರಜೆ ಕೊಡಲು ಒಪ್ಪಿದ್ದಾರೆ. ಆದರೆ ಹಿಮದ ಆಟಕ್ಕೂ ಅನ್ವಯಿಸುವ ವಿಮೆ ಇಲ್ಲದ ಮಕ್ಕಳನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ.

ಹೋದ ಸಲವೂ ನಮ್ಮ ಹತ್ತಿರ ಪ್ರಯಾಣದ ಪಾಲಿಸಿ ಇತ್ತು. ಬ್ಯಾಗು ಕಳೆದರೆ, ರೈಲು ತಪ್ಪಿದರೆ, ಜ್ವರ ಬಂದರೆ ಕೊಡುತ್ತೇವೆ ಎಂದಿದ್ದ ಪಾಲಿಸಿ. ಹಿಮದ ಮೇಲೆ ಬಿದ್ದರೆ ಏನೂ ಇಲ್ಲ ಎನ್ನುವುದು ನಮಗೆ ಬಿದ್ದ ಮೇಲೆ ತಿಳಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಿನ್ನ ಭಾವ ಆ ಸಣ್ಣ ಅಕ್ಷರಗಳನ್ನು ಓದುತ್ತಿದ್ದ ಮುಖ ನೆನಪಾದರೆ ಈಗಲೂ ಸಂಕಟವಾಗುತ್ತದೆ. ಈ ಸಲ ಹಾಗಾಗಬಾರದೆಂದು ಬಸ್ ಸ್ಟ್ಯಾಂಡ್ ಹತ್ತಿರದ ಕೊಟ್ಟೂರಪ್ಪನ ಅಂಗಡಿಗೆ ನಾನೇ ಹೋದೆ. ನಮ್ಮ ತವರೂರು ಸಿದ್ದಾಪುರದವನೇ, ವಿಮೆ ಏಜೆಂಟ್ ಕೊಟ್ಟೂರಪ್ಪ.

ನನ್ನ ಮಾತು ಕೇಳಿ ಅವನು ಪೆನ್ನು ಕೆಳಗಿಟ್ಟ. “ಅಕ್ಕಾರೆ, ಎಮ್ಮೆಗೆ ಮಾಡ್ಸೀನಿ, ಟ್ರ್ಯಾಕ್ಟರಿಗೆ ಮಾಡ್ಸೀನಿ, ಶೇಂಗಾ ಬೆಳಿಗೂ ಮಾಡ್ಸೀನಿ. ಹಿಮಕ್ಕೆ ಅಂತ ಬಂದೋರು ನೀವೇ ಮೊದಲು ನೋಡ್ರಿ” ಅಂದ. ಆದರೂ ಬಿಡಲಿಲ್ಲ, ಹುಡುಕಿದ. ಒಂದರಲ್ಲಿ ಗುರುತು ಹಾಕಿದ ಇಳಿಜಾರಿನಲ್ಲಿ ಬಿದ್ದರೆ ಮಾತ್ರ ದುಡ್ಡು, ಗೆರೆಯಿಂದ ಆಚೆ ಬಿದ್ದರೆ ಇಲ್ಲ. ಬೀಳುವವರು ಗೆರೆ ನೋಡಿಕೊಂಡು ಬೀಳುತ್ತಾರಾ? ಇನ್ನೊಂದರಲ್ಲಿ ಆಸ್ಪತ್ರೆಯ ಖರ್ಚು ಇದೆ, ಬೆಟ್ಟದಿಂದ ಕೆಳಗೆ ಹೊತ್ತು ತರುವ ಖರ್ಚು ಇಲ್ಲ. ಮೂರನೆಯದು ನೋಡಿ ನನಗೆ ಜೀವ ಬಂತು. ವರ್ಷವಿಡೀ ಎಷ್ಟು ಸಲ ಹೋಗಿ ಬಂದರೂ ಸರಿ, ಇಡೀ ಮನೆಗೆ ಒಂದೇ ಪಾಲಿಸಿ. ಹಿಮದ ಆಟ, ಹೊತ್ತು ತರುವುದು, ಆಸ್ಪತ್ರೆ ಎಲ್ಲವೂ ಅದರೊಳಗೇ. ಅಲ್ಲಿಂದಲೇ ಫೋನಿನಲ್ಲಿ ನಿನ್ನ ಭಾವನಿಗೆ ಓದಿ ಹೇಳಿಸಿದೆ. “ಇದೇ ಆಗ್ಲಿ, ಬ್ಯಾರೆ ಯೋಚನೆ ಮಾಡ್ಬೇಡ” ಅಂದರು.

ಆಗ ಕೊಟ್ಟೂರಪ್ಪ ಫೋನು ಮೇಜಿನ ಮೇಲಿಟ್ಟ. “ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರೆ. ಮುದ್ದುದು ಹುಟ್ಟಿದ ಸರ್ಟಿಫಿಕೇಟಿನಾಗೆ ಯಾರ ಹೆಸರೈತೆ?”

ಅವನಿಗೆ ಗೊತ್ತಿಲ್ಲದ್ದಾ? ನಿನ್ನ ಕೂಸನ್ನು ನನ್ನ ಮಡಿಲಿಗೆ ಹಾಕಿದ ದಿನ ನಮ್ಮ ಮನೆಯಲ್ಲಿ ಕೂತು ಹೋಳಿಗೆ ಉಂಡವನು ಅವನು. ಪಾಲಿಸಿಯಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಅವರಿಗೆ ಹುಟ್ಟಿದ ಮಕ್ಕಳು ಅಥವಾ ಕಾನೂನಿನ ಪ್ರಕಾರ ದತ್ತು ಪಡೆದ ಮಕ್ಕಳು ಎಂದು ಬರೆದಿದೆಯಂತೆ. “ಮಗಳು ಅಂತ ಬರೀಬೋದು, ಈಗ ಯಾರೂ ಕೇಳಲ್ಲ. ನಾಳೆ ಹುಡುಗಿ ಬಿದ್ಲು ಅನ್ಕಳ್ರಿ, ಅವಾಗ ಕೇಳ್ತಾರೆ. ಕಾಗದ ಇಲ್ಲ ಅಂದ್ರೆ ಪಾಲಿಸಿನೇ ಇಲ್ಲ ಅಂತಾರೆ. ನಿಮ್ಗೆ ಸುಳ್ಳು ಬರೆದುಕೊಟ್ಟು ಆಮೇಲೆ ನಾನು ಹೆಂಗೆ ಮುಖ ತೋರಿಸ್ಲಿ?” ಅಂದ.

ಆ ದಿನ ನಿನಗೂ ನೆನಪಿರಬೇಕು. ಹೆಸರಿಡುವ ಶಾಸ್ತ್ರ ಮುಗಿದ ಮೇಲೆ ಅವ್ವ ನನ್ನನ್ನು ಕಂಬಳಿಯ ಮೇಲೆ ಕೂರಿಸಿ, ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ, ಅದರ ಮೇಲೆ ಕೂಸನ್ನು ಇಟ್ಟಳು. ಕೊಟ್ಟವಳು ಬರಿಗೈಯಲ್ಲಿ ಏಳಬಾರದೆಂದು ನಿನ್ನ ಸೆರಗಿಗೂ ಒಂದು ಬೊಗಸೆ ಅಕ್ಕಿ ಹಾಕಿದಳು. ಆ ಅಕ್ಕಿಯ ಗಂಟನ್ನು ನೀನು ಎರಡು ಸಲ ಬಿಚ್ಚಿ ಕಟ್ಟಿದೆ. ನಿನ್ನ ಭಾವ ಮೆಲ್ಲಗೆ, ಒಂದು ದತ್ತಕ ಪತ್ರ ಮಾಡಿಸಿಬಿಡೋಣ, ಮುಂದೆ ಕಷ್ಟವಾಗಬಾರದು ಅಂದಿದ್ದರು. ಅವ್ವ ಕೆರಳಿದಳು. “ಒಂದೇ ಹೊಟ್ಟ್ಯಾಗೆ ಹುಟ್ಟಿದೋರ ನಡುವೆ ಕಾಗದ ಯಾಕಪ್ಪ? ಹೊಲ ಮಾರ್ತಿದೀವೇನು?” ಅಂದಳು. ನಿನ್ನ ಗಂಡ ಮಾರುತೇಶನೂ ತಲೆದೂಗಿದ. ಕಾಗದ ಕೇಳಿದ್ದೇ ದೊಡ್ಡ ಅವಮಾನವೇನೋ ಎಂಬಂತೆ ನಾವೆಲ್ಲ ನಾಚಿಕೊಂಡೆವು. ಶಾಲೆಗೆ ಸೇರಿಸುವಾಗ ಬರೆದುಕೊಳ್ಳುವವರು ನಮ್ಮ ಪರಿಚಯದವರೇ, ನಿನ್ನ ಭಾವನನ್ನೇ ತಂದೆ ಎಂದು ಬರೆದುಕೊಂಡರು. ಅಲ್ಲಿಂದ ಇಲ್ಲಿಯವರೆಗೆ ಯಾರೂ ಏನೂ ಕೇಳಿರಲಿಲ್ಲ.

ವಕೀಲರಾದ ಶಾಂತವೀರಪ್ಪನವರನ್ನು ಕಂಡು ಬಂದೆ. ನೀವಿಬ್ಬರೂ ನಾವಿಬ್ಬರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿದರೆ ಪತ್ರ ಈಗಲೂ ಆಗುತ್ತದಂತೆ. “ಆದ್ರೆ ತಡ ಮಾಡ್ಬೇಡಿ ತಾಯಿ. ಹುಡುಗಿಗೆ ಹದಿನೈದು ತುಂಬಿದ್ಮೇಲೆ ಕಷ್ಟ ಐತೆ” ಅಂದರು. ಅವಳಿಗೀಗ ಹದಿಮೂರು ನಡೆಯುತ್ತಿದೆ.

ದಸರೆಗೆ ನಾನು ಮೊಳಕಾಲ್ಮುರಿಗೆ ಬಂದದ್ದೇ ಇದನ್ನು ಕೇಳುವುದಕ್ಕೆ. ಮಾರುತೇಶ ಮಗ್ಗದ ಮೇಲೆ ಕೂತಿದ್ದ. ಹಿಮದ ವಿಮೆಗೆ ಒಂದು ಪತ್ರ ಬೇಕಂತೆ ಕಣಪ್ಪ ಎಂದು ಶುರು ಮಾಡಿದೆ. ಅವನ ಕೈ ನಿಂತಿತು, ಆದರೆ ತಲೆ ಎತ್ತಲಿಲ್ಲ. ನೀನು ಟೀ ಮಾಡುತ್ತೇನೆಂದು ಒಳಗೆ ಹೋದವಳು ಬೇಗ ಬರಲಿಲ್ಲ. ನಿನ್ನ ಅತ್ತೆ ರಾಧಮ್ಮನವರೇ ಎದ್ದು ಟೀ ತಂದುಕೊಟ್ಟು, ತೆಲುಗಿನಲ್ಲಿ “ತಾಗಮ್ಮಾ, ಚಲ್ಲಾರಿಪೋತುಂದಿ” ಅಂದರು. ಕುಡಿಯಮ್ಮ, ಆರಿಹೋಗುತ್ತೆ ಎಂದು ಅಷ್ಟು ಮೃದುವಾಗಿ ಅವರು ಹೇಳಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನೀನು ಬಂದಾಗ ಮುಖ ತೊಳೆದುಕೊಂಡಿದ್ದೆ. ನಾನು ಸೀರೆಯ ಬಣ್ಣದ ಮಾತೆತ್ತಿ, ಊಟ ಮಾಡಿ, ಬಸ್ಸು ಹತ್ತಿದೆ.

ಪವಿ, ನನಗೆ ನಿನ್ನ ಹತ್ತಿರ ನಾಟಕ ಬೇಡ. ವಿಮೆಗಾಗಿ ಮಾತ್ರ ಎಂದರೆ ಅದು ಅರ್ಧ ಸತ್ಯ. ಆ ಕಾಗದ ನನಗೂ ಬೇಕು. ಹೋದ ವರ್ಷ ಆಸ್ಪತ್ರೆಯಲ್ಲಿ ನರ್ಸಮ್ಮ “ತಾಯಿ ಯಾರು” ಎಂದಾಗ ನಾನು ಕೈ ಎತ್ತಿದೆ. ಎತ್ತುವ ಮುಂಚೆ ಒಂದು ಕ್ಷಣ, ಇವರೇನಾದರೂ ಪುರಾವೆ ಕೇಳಿದರೆ ಎಂದು ಭಯವಾಯಿತು. ಜ್ವರಕ್ಕೆ, ಹಲ್ಲು ಬಿದ್ದಾಗ, ಅವಳು ದೊಡ್ಡವಳಾದಾಗ ಒಮ್ಮೆಯೂ ಕಾಡದಿದ್ದ ಭಯ ಅದು. ನಿನ್ನಿಂದ ಏನನ್ನೂ ಕಿತ್ತುಕೊಳ್ಳುವ ಆಸೆ ನನಗಿಲ್ಲ. ಅವಳು ನಿನ್ನನ್ನು ಚಿಕ್ಕವ್ವ ಎಂದು ಕೂಗಿದಾಗ ನೀನು ನಕ್ಕು “ಏನೇ” ಅನ್ನುತ್ತೀಯಲ್ಲ, ಆ ನಗುವಿಗೆ ನಿನಗೆಷ್ಟು ಕಷ್ಟವಾಗುತ್ತದೆಂದು ನನಗೆ ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೇನೆ. ನಿನ್ನ ಭಾವ ಈ ತಿಂಗಳ ಕೊನೆಗೆ ಎರಡು ದಿನದ ಮಟ್ಟಿಗೆ ಬರುತ್ತಾರೆ. ಆಗ ನೀನೂ ಮಾರುತೇಶನೂ ಬಂದು ಒಂದು ಸಹಿ ಹಾಕಿಕೊಡಿ.

ರಾಧಮ್ಮನವರಿಗೆ ನನ್ನ ನಮಸ್ಕಾರ ಹೇಳು. ಮಾರುತೇಶನ ಬೆನ್ನುನೋವಿಗೆ ಬಿಸಿ ಎಣ್ಣೆ ಹಚ್ಚುವುದನ್ನು ಬಿಡಬೇಡ. ನಿನ್ನ ದೊಡ್ಡ ಮಗಳು ಆಶಾ ಪರೀಕ್ಷೆಯ ಹೆಸರಿನಲ್ಲಿ ಊಟ ಬಿಡದಂತೆ ನೋಡಿಕೋ, ಅವಳಿಗೆ ನನ್ನ ಆಶೀರ್ವಾದ. ನಿನ್ನ ಮನೆ ತಣ್ಣಗಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ,
ಗಂಗಲಕ್ಷ್ಮಿ

ಕವರು ಅಂಟಿಸುವ ಮುಂಚೆ ಇನ್ನೊಂದು ಮಾತು, ಸೋಮವಾರ ಸಂಜೆ:

ಅವಳಿಗೆ ಹೇಳದೆ ಅವಳ ಪತ್ರ ಮಾಡಿಸುವುದು ಸರಿಯಲ್ಲ ಅನ್ನಿಸಿ ಇವತ್ತು ಮುದ್ದುವಿಗೆ ವಿಷಯ ಹೇಳಿದೆ. ಹೆತ್ತವಳು ನೀನೆಂದು ಅವಳಿಗೆ ಮೊದಲಿಂದಲೂ ಗೊತ್ತಿದೆಯಲ್ಲ. ಶಾಲೆಯಿಂದ ಬಂದು ಮಂಡಕ್ಕಿ ತಿನ್ನುತ್ತಿದ್ದಳು. ತಟ್ಟೆ ಕೆಳಗಿಟ್ಟು, “ಚಿಕ್ಕವ್ವ ಇನ್ನೊಂದ್ಸಲ ನನ್ನ ಕೊಡ್ಬೇಕಾ?” ಅಂದಳು. ಇಲ್ಲ ಕಣವ್ವ, ಕೊಟ್ಟದ್ದನ್ನೇ ಬರೆದಿಡೋದು ಅಷ್ಟೆ ಅಂದೆ. “ಅವಾಗ ನಾನು ಕೂಸು, ನಂಗೆ ಗೊತ್ತಾಗ್ಲಿಲ್ಲ. ಈ ಸಲ ಗೊತ್ತಾಗ್ತತೆ. ನಾನು ಹಿಮಕ್ಕೆ ಹೋಗಲ್ಲ ಬಿಡವ್ವ” ಅಂದಳು. ಅಳಲಿಲ್ಲ. ಎದ್ದು ಹೋಗಿ ಕೈ ತೊಳೆದುಕೊಂಡಳು.

ಪವಿ, ಆ ದತ್ತಕ ಪತ್ರಕ್ಕೆ ನೀನು ಸಹಿ ಹಾಕಬೇಡ. ನಿನ್ನ ನೋವು ನನಗೆ ಕಾಣುತ್ತಿತ್ತು, ನನ್ನದು ನನಗೆ ಗೊತ್ತಿತ್ತು. ಅವಳ ಎದೆಯಲ್ಲೂ ಒಂದಿದೆ ಎಂದು ಎತ್ತಿ ಆಡಿಸಿದ ನನಗೇ ತಿಳಿಯಲಿಲ್ಲ.

ಕೊಟ್ಟೂರಪ್ಪ ಇನ್ನೊಂದು ದಾರಿ ಹೇಳಿದ್ದ. ಬರೆಯಲು ಮನಸ್ಸಾಗದೆ ಮೇಲೆ ಬಿಟ್ಟಿದ್ದೆ. ಮುದ್ದುವನ್ನು ನಮ್ಮ ಕುಟುಂಬದಲ್ಲಿ ಸೇರಿಸದೆ, ಅವಳೊಬ್ಬಳಿಗೇ ಬೇರೆ ಪಾಲಿಸಿ ಮಾಡಿಸುವುದು. ಅದಕ್ಕೆ ನಿಮ್ಮಿಬ್ಬರ ಒಪ್ಪಿಗೆ ಸಾಕು, ಕೊಡುವ ಮಾತು ಅದರಲ್ಲಿಲ್ಲ. ಈಗ ತಾನೆ ಅವನಿಗೆ ಫೋನು ಮಾಡಿ, ಹಾಗೇ ಮಾಡಪ್ಪ, ತಾಯಿಯ ಹೆಸರು ಪವಿತ್ರಾ ಎಂದು ಬರಿ ಅಂದೆ. ಅವನು ಬರೆದುಕೊಂಡ. ಆಮೇಲೆ, “ಜೊತೆಗೆ ಹೋಗೋರು ನೀವು. ನೀವು ಹುಡುಗಿಗೆ ಏನಾಗ್ಬೇಕು ಅಂತ ಬರೀಲಿ ಅಕ್ಕಾರೆ?” ಎಂದು ಕೇಳಿದ.

ದೊಡ್ಡವ್ವ ಅಂತ ಬರಿ ಅಂದೆ. ಮುದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.